ಒಂದೊಂದೇ ಅಕ್ಷರವನ್ನು ಓದುವುದೆಂದರೇನು? ಕನ್ನಡ ಲೆಕ್ಸರ್ ರಚನೆಯಲ್ಲಿ ಓದಿನ ಘಟಕದ ಪ್ರಶ್ನೆ

ಸಾರಾಂಶ

ಗಣಕವು ಪಠ್ಯವೊಂದನ್ನು ವಿಶ್ಲೇಷಿಸುವ ಮುನ್ನ ಅದನ್ನು ಟೋಕನ್‌ಗಳಾಗಿ ಬಿಡಿಸಿಕೊಡುವ ಸಾಧನಕ್ಕೆ ಲೆಕ್ಸರ್ ಎಂದು ಹೆಸರು. ಅದು ಪಠ್ಯವನ್ನು ಅಕ್ಷರ ಅಕ್ಷರವಾಗಿ ಓದುತ್ತದೆ ಎಂದು ಪಠ್ಯಪುಸ್ತಕಗಳು ವಿವರಿಸುತ್ತವೆ. ಕನ್ನಡದ ಮಟ್ಟಿಗೆ ಈ ‘ಅಕ್ಷರ’ ಎಂಬುದು ಒಂದು ಘಟಕವಲ್ಲ; ಬೈಟ್, ಸಂಕೇತಾಂಕ, ಗ್ರಾಫೀಮ್ ಗುಚ್ಛ, ವ್ಯಾಕರಣದ ಅಕ್ಷರ ಮತ್ತು ಧ್ವನಿಮಾ ಎಂಬ ಐದು ಬೇರೆ ಬೇರೆ ಘಟಕಗಳು ಅಲ್ಲಿ ಒಂದೇ ಹೆಸರಿನಡಿ ಬೆರೆತಿವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ನಾಲ್ಕು ತಾಲೂಕುಗಳ ಹೆಸರನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಘಟಕದ ಆಯ್ಕೆಯು ಭಾಷಾವೈಜ್ಞಾನಿಕ ತೀರ್ಮಾನಗಳನ್ನು ಹೇಗೆ ಬದಲಿಸಬಲ್ಲದು ಎಂಬುದನ್ನು ಪ್ರಸ್ತುತ ಲೇಖನವು ವಿವರಿಸುತ್ತದೆ.

ಪ್ರಮುಖ ಪದಗಳು: ಲೆಕ್ಸರ್, ಟೋಕನ್, ಯೂನಿಕೋಡ್, ಸಂಕೇತಾಂಕ, ಮುನ್ನೋಟ, ಸಮರೂಪೀಕರಣ, ಸ್ಥಳನಾಮ, ಕೋಲಾರ ಜಿಲ್ಲೆ

1. ಪೀಠಿಕೆ

ಪಿಎಚ್.ಡಿ. ಅಧ್ಯಯನದ ಆರಂಭದ ದಿನಗಳಲ್ಲಿ ಈ ಲೇಖಕರು ಕೋಲಾರ ಜಿಲ್ಲೆಯ ಸ್ಥಳನಾಮಗಳ ಪಟ್ಟಿಯೊಂದನ್ನು ಗಣಕಕ್ಕೆ ಏರಿಸಿ, ಅವುಗಳ ಉತ್ತರಪದಗಳನ್ನು ಎಣಿಸಲು ಹೊರಟಿದ್ದುಂಟು. ಹಳ್ಳಿ, ಪಲ್ಲಿ, ಪುರ, ಸಂದ್ರ, ಕುಂಟೆ, ಊರು ಎಂಬ ಪದಗಳನ್ನು ಒಂದೊಂದಾಗಿ ಹುಡುಕುವ ಚಿಕ್ಕ ಪ್ರೋಗ್ರಾಮೊಂದನ್ನು ಬರೆದದ್ದಾಯಿತು. ಹಳ್ಳಿ ಸಿಕ್ಕಿತು, ಪಲ್ಲಿ ಸಿಕ್ಕಿತು, ಪುರವೂ ಸಿಕ್ಕಿತು. ಊರು ಮಾತ್ರ ಒಂದೂ ಸಿಗಲಿಲ್ಲ. ಗಡಿಭಾಗದಲ್ಲಿ ಊರು ಎಂಬ ಉತ್ತರಪದ ವಿರಳ ಎಂಬ ಟಿಪ್ಪಣಿಯೂ ಸಿದ್ಧವಾಗಿತ್ತು. ಆ ಪಟ್ಟಿಯಲ್ಲಿ ಮಾಲೂರು ಎಂಬ ತಾಲೂಕಿನ ಹೆಸರೇ ಕಣ್ಣೆದುರಿಗೆ ಇತ್ತೆಂಬುದು ಆಮೇಲೆ ಹೊಳೆಯಿತು.

ತಪ್ಪು ಪ್ರೋಗ್ರಾಮಿನದಲ್ಲ, ಅದು ಹೇಳಿದ್ದನ್ನೇ ಮಾಡಿತ್ತು. ಪಠ್ಯವನ್ನು ಯಾವ ಘಟಕದಲ್ಲಿ ಓದಬೇಕೆಂಬ ಪ್ರಶ್ನೆಯನ್ನು ಕೇಳಿಕೊಳ್ಳದೆ ಇದ್ದುದೇ ತಪ್ಪು. ದತ್ತಾಂಶ ಆಧಾರಿತ ಸಂಶೋಧನೆ ಹೆಚ್ಚುತ್ತಿರುವ ಈ ಕಾಲದಲ್ಲಿ ಪದಾವರ್ತನೆ, ಅಕ್ಷರಾವರ್ತನೆ, ಪದದೀರ್ಘತೆ, ಪ್ರತ್ಯಯಗಳ ಹಂಚಿಕೆ ಮೊದಲಾದ ಅಂಕಿಗಳು ನಮ್ಮ ಪ್ರಬಂಧಗಳಲ್ಲಿ ಸಹಜವಾಗಿ ಕಾಣಿಸಿಕೊಳ್ಳುತ್ತಿವೆ. ಅವೆಲ್ಲವುಗಳ ಬುಡದಲ್ಲಿ ಲೆಕ್ಸರ್ ಒಂದು ಇದ್ದೇ ಇರುತ್ತದೆ. ಅದನ್ನು ನಾವೇ ಬರೆದಿರಬಹುದು, ಸಿದ್ಧರೂಪದಲ್ಲಿ ಪಡೆದಿರಬಹುದು. ಯಾವುದೇ ಆಗಲಿ, ಅದು ಓದುವ ಕ್ರಮವನ್ನು ತಿಳಿಯದೆ ಅದರ ಅಂಕಿಗಳನ್ನು ನಂಬುವಂತಿಲ್ಲ.

2. ಲೆಕ್ಸರ್ ಓದುವ ಕ್ರಮ

ಲೆಕ್ಸರಿನ ಮೂಲ ರಚನೆ ಸರಳವಾದುದು. ಪಠ್ಯದ ಮೇಲೆ ಒಂದು ಸ್ಥಾನಸೂಚಿ ಇರುತ್ತದೆ. ಅದು ಒಂದು ಘಟಕವನ್ನು ಓದಿ ಮುಂದೆ ಸರಿಯುತ್ತದೆ. ಓದಿದ ಘಟಕಕ್ಕೆ ಅನುಗುಣವಾಗಿ ಲೆಕ್ಸರ್ ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ಹೋಗುತ್ತದೆ. ಟೋಕನ್ ಮುಗಿದಿದೆ ಎಂದು ಖಚಿತವಾದಾಗ ಅದನ್ನು ಹೊರಗೆ ಕೊಡುತ್ತದೆ. ಇಲ್ಲಿ ಮೂರು ಕ್ರಿಯೆಗಳಿವೆ: ಓದುವುದು, ಓದದೆ ಮುಂದಿನದನ್ನು ಇಣುಕಿ ನೋಡುವುದು, ಓದಿದ್ದನ್ನು ಹಿಂದಿರುಗಿಸುವುದು. ಎರಡನೆಯದನ್ನು ಇಲ್ಲಿ ‘ಮುನ್ನೋಟ’ ಎಂದು ಕರೆಯೋಣ.

ಮುನ್ನೋಟ ಏಕೆ ಬೇಕೆಂಬುದಕ್ಕೆ ಕೋಲಾರದ್ದೇ ನಿದರ್ಶನವಿದೆ. ಕೋಲಾರ ಎಂಬ ಐದು ಸಂಕೇತಗಳನ್ನು ಓದಿ ಮುಗಿಸಿದ ಕೂಡಲೇ ಲೆಕ್ಸರ್ ಅದನ್ನು ಸ್ಥಳನಾಮವೆಂದು ಘೋಷಿಸಿದರೆ, ಕೋಲಾರಮ್ಮ ಎಂಬ ದೇವತೆಯ ಹೆಸರಿನಲ್ಲಿ ‘ಕೋಲಾರ’ ಒಂದು ಟೋಕನ್ ಆಗಿ, ‘ಮ್ಮ’ ಎಂಬ ಅರ್ಥವಿಲ್ಲದ ತುಣುಕು ಉಳಿಯುತ್ತದೆ. ಇದನ್ನು ತಪ್ಪಿಸಲು ಲೆಕ್ಸರ್‌ಗಳು ‘ಗರಿಷ್ಠ ಹೊಂದಿಕೆ’ಯ ನಿಯಮವನ್ನು ಪಾಲಿಸುತ್ತವೆ: ಹೊಂದಿಕೆಯಾಗುವ ಸರಣಿಗಳಲ್ಲಿ ಅತಿ ಉದ್ದವಾದುದನ್ನೇ ಆರಿಸಬೇಕು. 1975ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಮೈಕ್ ಲೆಸ್ಕ್ ಮತ್ತು ಎರಿಕ್ ಶ್ಮಿಟ್ ರೂಪಿಸಿದ ಲೆಕ್ಸ್ ಎಂಬ ಲೆಕ್ಸರ್-ಜನಕವೂ ಇದೇ ನಿಯಮವನ್ನು ಅನುಸರಿಸುತ್ತದೆ.

ಆದರೆ ಆ ಪರಂಪರೆಯ ಸಾಧನಗಳು ಹುಟ್ಟಿದ್ದು ಒಂದು ಅಕ್ಷರಕ್ಕೆ ಒಂದು ಬೈಟ್ ಎಂಬ ಕಾಲದಲ್ಲಿ. ಸಿ ಭಾಷೆಯಲ್ಲಿ ಕಡತದಿಂದ ‘ಒಂದು ಕ್ಯಾರೆಕ್ಟರ್’ ಓದಿ ಎಂದರೆ ಅದು ಓದುವುದು ಒಂದು ಬೈಟನ್ನು. ಇಂಗ್ಲಿಷಿಗೆ ಇದು ಸಾಕಾಗುತ್ತದೆ. ಕನ್ನಡಕ್ಕೆ ಸಾಲದು.

3. ನಾಲ್ಕು ಹೆಸರುಗಳು, ಹಲವು ಎಣಿಕೆಗಳು

ಯೂನಿಕೋಡಿನಲ್ಲಿ ಪ್ರತಿಯೊಂದು ಲಿಪಿಚಿಹ್ನೆಗೂ ಒಂದು ಸಂಖ್ಯೆ ಇದೆ. ಅದನ್ನು ಇಲ್ಲಿ ಸಂಕೇತಾಂಕವೆಂದು ಕರೆಯುತ್ತೇವೆ. ದಶಮಾನ ಪದ್ಧತಿಯಲ್ಲಿ ಹೇಳುವುದಾದರೆ ಕನ್ನಡದ ವಿಭಾಗ 3200ರಿಂದ 3327ರವರೆಗೆ ಹರಡಿದೆ. ಕ ಎಂಬುದರ ಸಂಕೇತಾಂಕ 3221. ಓಕಾರದ ಚಿಹ್ನೆಯದು 3275. ವಿರಾಮಚಿಹ್ನೆ ಅಥವಾ ಹಲಂತದ್ದು 3277. ಈ ಸಂಕೇತಾಂಕಗಳನ್ನು ಯುಟಿಎಫ್-8 ವಿಧಾನದಲ್ಲಿ ಕಡತಕ್ಕೆ ಬರೆದಾಗ ಪ್ರತಿಯೊಂದೂ ಮೂರು ಬೈಟ್‌ಗಳಾಗುತ್ತದೆ. ಕ ಎಂಬುದು 224, 178, 149 ಎಂಬ ಮೂರು ಬೈಟ್‌ಗಳ ಸರಣಿ. ಮೊದಲ ಬೈಟ್ ಕನ್ನಡದ ಎಲ್ಲ ಚಿಹ್ನೆಗಳಿಗೂ 224. ಎರಡನೆಯದು 178 ಅಥವಾ 179.

ನಾಲ್ಕು ತಾಲೂಕುಗಳ ಹೆಸರನ್ನು ಬೇರೆ ಬೇರೆ ಘಟಕಗಳಲ್ಲಿ ಎಣಿಸಿದರೆ ದೊರೆಯುವ ಫಲ ಹೀಗಿದೆ.

ಕೋಷ್ಟಕ 1: ಓದಿನ ಘಟಕಗಳು

| ಹೆಸರು | ಬೈಟ್ | ಸಂಕೇತಾಂಕ | ಗ್ರಾಫೀಮ್ ಗುಚ್ಛ | ಅಕ್ಷರ | ಧ್ವನಿಮಾ |
|---|---|---|---|---|---|
| ಕೋಲಾರ | 15 | 5 | 3 | 3 | 6 |
| ಮಾಲೂರು | 18 | 6 | 3 | 3 | 6 |
| ಮುಳಬಾಗಿಲು | 27 | 9 | 5 | 5 | 10 |
| ಶ್ರೀನಿವಾಸಪುರ | 36 | 12 | 7 | 6 | 13 |

ಕೋಷ್ಟಕದಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು, ಕೋಲಾರ ಮತ್ತು ಮಾಲೂರು ಎರಡಕ್ಕೂ ಮೂರೇ ಅಕ್ಷರ, ಆರೇ ಧ್ವನಿಮಾ. ಆದರೂ ಸಂಕೇತಾಂಕಗಳು ಒಂದರಲ್ಲಿ ಐದು, ಇನ್ನೊಂದರಲ್ಲಿ ಆರು. ಕೋಲಾರದ ಕೊನೆಯ ಅಕಾರವನ್ನು ಯಾರೂ ಬರೆದಿಲ್ಲ, ಅದು ರಕಾರದಲ್ಲಿಯೇ ಅಂತರ್ಗತ. ಮಾಲೂರಿನ ಕೊನೆಯ ಉಕಾರವನ್ನು ಬರೆಯಲಾಗಿದೆ. ಆದ್ದರಿಂದ ಸಂಕೇತಾಂಕಗಳ ಎಣಿಕೆಯಿಂದ ಪದದೀರ್ಘತೆಯನ್ನು ಅಳೆದರೆ, ಅಕಾರ ಹೆಚ್ಚಾಗಿರುವ ಪದಗಳು ಕೃತಕವಾಗಿ ಚಿಕ್ಕವಾಗುತ್ತವೆ. ಸಂಸ್ಕೃತಮೂಲದ ಅಕಾರಾಂತ ಪದಗಳನ್ನೂ ದೇಶ್ಯದ ಉಕಾರಾಂತ ಪದಗಳನ್ನೂ ಹೋಲಿಸುವ ಅಧ್ಯಯನದಲ್ಲಿ ಇದು ಸಣ್ಣ ದೋಷವಲ್ಲ. ಒಂದೇ ದಿಕ್ಕಿಗೆ ವಾಲುವ ದೋಷ.

ಎರಡನೆಯದು, ಶ್ರೀನಿವಾಸಪುರದಲ್ಲಿ ಗ್ರಾಫೀಮ್ ಗುಚ್ಛಗಳಿಗೂ ಅಕ್ಷರಗಳಿಗೂ ತಾಳೆಯಾಗುವುದಿಲ್ಲ. ಇದರ ಕಾರಣವನ್ನು 7ನೆಯ ಭಾಗದಲ್ಲಿ ನೋಡೋಣ.

ಬೈಟ್ ಮಟ್ಟದ ಓದಿನಿಂದ ಆಗುವ ಒಂದು ತೊಂದರೆಯನ್ನು ಇಲ್ಲಿಯೇ ಹೇಳಬೇಕು. ದೊಡ್ಡ ಕಡತಗಳನ್ನು ಪ್ರೋಗ್ರಾಮುಗಳು ಕಂತುಗಳಲ್ಲಿ ಓದುತ್ತವೆ. 4096 ಬೈಟ್‌ಗಳ ಕಂತು ಸಾಮಾನ್ಯ. ಬರಿಯ ಕನ್ನಡ ಚಿಹ್ನೆಗಳ ಸರಣಿಯಾದರೆ 1365 ಚಿಹ್ನೆಗಳಿಗೆ 4095 ಬೈಟ್‌ಗಳಾಗಿ, 1366ನೆಯ ಚಿಹ್ನೆಯ ಮೊದಲ ಬೈಟ್ ಮಾತ್ರ ಈ ಕಂತಿನಲ್ಲಿ ಉಳಿದು, ಮಿಕ್ಕ ಎರಡು ಮುಂದಿನ ಕಂತಿಗೆ ಹೋಗುತ್ತವೆ. ಕಂತುಗಳನ್ನು ಬಿಡಿಬಿಡಿಯಾಗಿ ಪಠ್ಯಕ್ಕೆ ಪರಿವರ್ತಿಸಿದರೆ ಆ ಚಿಹ್ನೆ ನಾಶವಾಗುತ್ತದೆ. ಕನ್ನಡ ಕಡತಗಳ ನಡುವೆ ಅಲ್ಲಲ್ಲಿ ಕಾಣುವ ಪ್ರಶ್ನಾರ್ಥಕದ ವಜ್ರಾಕೃತಿಗಳಿಗೆ ಇದೂ ಒಂದು ಕಾರಣ. ಬೈಟ್‌ಗಳನ್ನು ಸಂಕೇತಾಂಕಗಳನ್ನಾಗಿ ಬಿಡಿಸುವ ಕೆಲಸ ಲೆಕ್ಸರಿಗಿಂತ ಮೊದಲೇ, ಕಂತುಗಳ ಎಲ್ಲೆಯನ್ನು ಅರಿತ ಪ್ರತ್ಯೇಕ ಹಂತದಲ್ಲಿ ಮುಗಿಯಬೇಕು.

4. ಮುನ್ನೋಟ: ಪ್ರಸ್ತಾರ ಹಾಕುವವನು ಬಲ್ಲ ವಿಷಯ

ಕನ್ನಡ ಲಿಪಿಯಲ್ಲಿ ವ್ಯಂಜನವೊಂದನ್ನು ಓದಿದ ಕ್ಷಣದಲ್ಲಿ ಅದರ ಧ್ವನಿಮೌಲ್ಯ ನಿಶ್ಚಿತವಾಗುವುದಿಲ್ಲ. ರ ಎಂಬ ಸಂಕೇತಾಂಕ 3248ನ್ನು ಓದಿದ್ದೇವೆಂದುಕೊಳ್ಳೋಣ. ಅದರ ಮುಂದೆ ಸ್ವರಚಿಹ್ನೆ ಇದ್ದರೆ ಅದು ಆ ಸ್ವರವನ್ನು ಹೊತ್ತ ರಕಾರ. ಹಲಂತವಿದ್ದರೆ ಸ್ವರವಿಲ್ಲದ ರಕಾರ. ಬೇರೇನಿದ್ದರೂ, ಪಠ್ಯವೇ ಮುಗಿದಿದ್ದರೂ, ಅಕಾರಸಹಿತವಾದ ರಕಾರ. ಅಂದರೆ ಓದಿದ ಚಿಹ್ನೆಯ ಅರ್ಥವನ್ನು ಓದಬೇಕಾದ ಚಿಹ್ನೆ ನಿರ್ಧರಿಸುತ್ತದೆ. ಲೆಕ್ಸರಿಗೆ ಒಂದು ಸಂಕೇತಾಂಕದ ಮುನ್ನೋಟ ಅನಿವಾರ್ಯ.

ಇದು ಕನ್ನಡಿಗರಿಗೆ ಹೊಸದಲ್ಲ. ಛಂದಸ್ಸಿನ ಪ್ರಸ್ತಾರ ಹಾಕುವ ವಿದ್ಯಾರ್ಥಿ ಮಾಡುವುದು ಇದನ್ನೇ. ಹ್ರಸ್ವಾಕ್ಷರದ ಮೇಲೆ ಲಘುವಿನ ಗುರುತು ಹಾಕುವ ಮುನ್ನ ಮುಂದಿನ ಅಕ್ಷರಕ್ಕೆ ಒತ್ತು ಇದೆಯೇ ಎಂದು ಅವನು ಇಣುಕಿ ನೋಡುತ್ತಾನೆ. ಕೋಲಾರ ಎಂಬಲ್ಲಿ ರ ಲಘು; ಕೋಲಾರಮ್ಮ ಎಂಬಲ್ಲಿ ಅದೇ ರ ಗುರು, ಏಕೆಂದರೆ ಮುಂದೆ ‘ಮ್ಮ’ ಇದೆ. ಶಿಥಿಲದ್ವಿತ್ವದ ನಿಯಮವಂತೂ, ಒತ್ತಕ್ಷರವಿದ್ದರೂ ಕೆಲವೆಡೆ ಹಿಂದಿನದು ಲಘುವಾಗಿಯೇ ಉಳಿಯುತ್ತದೆಂದು ಹೇಳಿ, ಸಂದರ್ಭಾಧೀನವಾದ ಅಪವಾದವನ್ನು ಸೇರಿಸುತ್ತದೆ. ನಮ್ಮ ಲಾಕ್ಷಣಿಕರು ರೂಪಿಸಿದ ಈ ನಿಯಮಗಳು, ಮುನ್ನೋಟವುಳ್ಳ ಓದಿನ ವಿಧಾನವನ್ನೇ ವಿವರಿಸುತ್ತವೆ.

ಒಂದು ಸಂಕೇತಾಂಕದ ಮುನ್ನೋಟ ಸಾಲದ ಸಂದರ್ಭವೂ ಉಂಟು. ರ್ಕ ಎಂದು ಬರೆದಾಗ ಕಾಣುವ ಅರ್ಕಾವೊತ್ತು ಕಣ್ಣಿಗೆ ಕಕಾರದ ನಂತರ ಬಂದರೂ, ಸಂಕೇತಕ್ರಮದಲ್ಲಿ ರಕಾರವೇ ಮೊದಲು. ರ‍್ಯಾಂಕ್ ಎಂಬ ಪದದಲ್ಲಿ ಅರ್ಕಾವೊತ್ತು ಬೇಡ, ರಕಾರಕ್ಕೆ ಯಕಾರದ ಒತ್ತು ಬೇಕು. ಆಗ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಕೂಡುಚಿಹ್ನೆಯನ್ನು, ಸಂಕೇತಾಂಕ 8205ನ್ನು, ಇಡಬೇಕಾಗುತ್ತದೆ. ಒಂದೇ ಚಿಹ್ನೆಯನ್ನು ಇಣುಕುವ ಲೆಕ್ಸರ್ ರಕಾರದ ಮುಂದೆ ಸ್ವರಚಿಹ್ನೆಯೂ ಇಲ್ಲ, ಹಲಂತವೂ ಇಲ್ಲವೆಂದು ತಿಳಿದು ಅಲ್ಲಿ ಅಕಾರವನ್ನು ಸೇರಿಸಿಬಿಡುತ್ತದೆ. ಸಿ ಭಾಷೆಯ ಮಾನಕವು ಓದಿದ್ದನ್ನು ಹಿಂದಿರುಗಿಸುವ ಕ್ರಿಯೆಗೆ ಒಂದೇ ಒಂದು ಬೈಟಿನ ಭರವಸೆ ಕೊಡುತ್ತದೆ. ಕನ್ನಡದ ಲೆಕ್ಸರ್ ಅದನ್ನು ನೆಚ್ಚಿ ಕೂರುವಂತಿಲ್ಲ. ಧ್ವನಿವಿಶ್ಲೇಷಣೆಯೇ ಗುರಿಯಾಗಿದ್ದರೆ ಈ ಅಗೋಚರ ಚಿಹ್ನೆಗಳನ್ನು ಮೊದಲೇ ಸೋಸಿ ತೆಗೆಯುವುದು ಸುಲಭದ ಪರಿಹಾರ. ಲಿಪಿವಿನ್ಯಾಸದ ಅಧ್ಯಯನವಾದರೆ ಅವೇ ದತ್ತಾಂಶ, ತೆಗೆಯಕೂಡದು.

5. ಒಂದೇ ರೂಪ, ಎರಡು ಸರಣಿ

ಕನ್ನಡದ ಐದು ಸ್ವರಚಿಹ್ನೆಗಳನ್ನು ಯೂನಿಕೋಡ್ ಎರಡು ಬಗೆಯಾಗಿ ಬರೆಯಲು ಅನುಮತಿಸುತ್ತದೆ: ಈಕಾರ, ಏಕಾರ, ಐಕಾರ, ಒಕಾರ ಮತ್ತು ಓಕಾರ. ಓಕಾರದ ಚಿಹ್ನೆಯನ್ನು 3275 ಎಂಬ ಒಂದೇ ಸಂಕೇತಾಂಕದಿಂದ ಬರೆಯಬಹುದು. ಎಕಾರದ ಚಿಹ್ನೆ 3270, ಊಕಾರದ ಚಿಹ್ನೆ 3266, ದೀರ್ಘಚಿಹ್ನೆ 3285 ಎಂಬ ಮೂರು ಸಂಕೇತಾಂಕಗಳ ಸರಣಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯೂನಿಕೋಡಿನ ದೃಷ್ಟಿಯಲ್ಲಿಯೂ ಅವು ಸಮಾನ. ಆದರೆ ಸಂಕೇತಾಂಕಗಳನ್ನು ಹೋಲಿಸುವ ಯಂತ್ರಕ್ಕೆ ಅವು ಬೇರೆ ಬೇರೆ.

ಕೂಡಿಸಿದ ರೂಪದಲ್ಲಿ ಕೋಲಾರಕ್ಕೆ ಐದು ಸಂಕೇತಾಂಕಗಳಾದರೆ, ಬಿಡಿಸಿದ ರೂಪದಲ್ಲಿ ಏಳು. ಶ್ರೀನಿವಾಸಪುರದ ಈಕಾರ ಎರಡಾಗಿ ಒಡೆಯುವುದರಿಂದ ಅಲ್ಲಿ ಹನ್ನೆರಡು ಹದಿಮೂರಾಗುತ್ತದೆ. ಮಾಲೂರಿನಲ್ಲಿಯೂ ಮುಳಬಾಗಿಲಿನಲ್ಲಿಯೂ ಒಡೆಯುವ ಚಿಹ್ನೆಗಳಿಲ್ಲ. ಅವು ಇದ್ದಂತೆಯೇ ಉಳಿಯುತ್ತವೆ. ಇದರ ಪರಿಣಾಮವನ್ನು ಊಹಿಸಿ: ಬಿಡಿಸಿದ ರೂಪದಲ್ಲಿರುವ ಕಡತವೊಂದರಲ್ಲಿ ಕೀಲಿಮಣೆಯಿಂದ ಒತ್ತಿದ ಹೆಸರುಗಳನ್ನು ಹುಡುಕಿದರೆ ಮಾಲೂರೂ ಮುಳಬಾಗಿಲೂ ಸಿಗುತ್ತವೆ, ಕೋಲಾರವೂ ಶ್ರೀನಿವಾಸಪುರವೂ ಸಿಗುವುದಿಲ್ಲ. ಏನೂ ಸಿಗದಿದ್ದರೆ ಸಂಶೋಧಕ ತಪ್ಪನ್ನು ಹುಡುಕುತ್ತಾನೆ. ಅರ್ಧ ಸಿಕ್ಕಾಗ ಅದನ್ನೇ ಫಲಿತಾಂಶವೆಂದು ಬರೆದುಕೊಳ್ಳುತ್ತಾನೆ.

ಬಿಡಿಸಿದ ರೂಪ ಎಲ್ಲಿಂದ ಬರುತ್ತದೆಂದು ಕೇಳಬಹುದು. ಆ್ಯಪಲ್ ಗಣಕಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆಯು ಕಡತಗಳ ಹೆಸರನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತಿತ್ತು. ತಾಲೂಕಿನ ಹೆಸರನ್ನು ಕಡತದ ಹೆಸರಿನಿಂದ ಓದಿಕೊಳ್ಳುವ ಪ್ರೋಗ್ರಾಮಿಗೆ ಇಷ್ಟು ಸಾಕು. ಪರಿಹಾರ ಒಂದೇ: ಲೆಕ್ಸರ್ ಓದುವ ಮುನ್ನ ಇಡೀ ಪಠ್ಯವನ್ನು ಕೂಡಿಸಿದ ರೂಪಕ್ಕೆ ಸಮರೂಪೀಕರಿಸಬೇಕು, ಹುಡುಕುವ ಪದಗಳಿಗೂ ಅದೇ ಸಂಸ್ಕಾರ ಆಗಬೇಕು.

6. ಪದದ ಎಲ್ಲೆ

ಟೋಕನ್ ಎಲ್ಲಿ ಮುಗಿಯುತ್ತದೆ ಎಂಬುದು ಮುಂದಿನ ಪ್ರಶ್ನೆ. ‘ಪದದಲ್ಲಿ ಬರಬಹುದಾದ ಚಿಹ್ನೆ’ಗಳನ್ನು ಗುರುತಿಸಲು ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳಲ್ಲಿ ಬ್ಯಾಕ್‌ಸ್ಲ್ಯಾಶ್-ಡಬ್ಲ್ಯು ಎಂಬ ಸಂಕೇತವಿದೆ. ಪೈಥಾನ್ ಭಾಷೆಯೊಂದಿಗೆ ಬರುವ ಘಟಕದಲ್ಲಿ ಈ ಸಂಕೇತವು ಅಕ್ಷರಗಳನ್ನೂ ಅಂಕಿಗಳನ್ನೂ ಅಡಿಗೆರೆಯನ್ನೂ ಮಾತ್ರ ಒಪ್ಪುತ್ತದೆ. ಕನ್ನಡದ ಸ್ವರಚಿಹ್ನೆಗಳನ್ನೂ ಹಲಂತವನ್ನೂ ಯೂನಿಕೋಡ್ ‘ಅಕ್ಷರ’ವೆಂದಲ್ಲ, ‘ಸೇರುವ ಗುರುತು’ ಎಂದು ವರ್ಗೀಕರಿಸಿರುವುದರಿಂದ ಅವು ಹೊರಗುಳಿಯುತ್ತವೆ. ಫಲವಾಗಿ ಕೋಲಾರ ಎಂಬುದು ಕ, ಲ, ರ ಎಂಬ ಮೂರು ‘ಪದ’ಗಳಾಗುತ್ತದೆ. ಮಾಲೂರು ಮ, ಲ, ರ ಆಗುತ್ತದೆ. ಮುಳಬಾಗಿಲು ಮ, ಳಬ, ಗ, ಲ ಆಗುತ್ತದೆ. ಶ್ರೀನಿವಾಸಪುರ ಶ, ರ, ನ, ವ, ಸಪ, ರ ಎಂದು ಆರು ತುಂಡಾಗುತ್ತದೆ. ಇಂಥ ಪದಾವರ್ತನೆಯ ಪಟ್ಟಿಯಲ್ಲಿ ಒಂಟಿ ವ್ಯಂಜನಗಳೇ ಮೇಲ್ಪಂಕ್ತಿಯಲ್ಲಿರುತ್ತವೆ.

ವಿಚಿತ್ರವೆಂದರೆ ಅದೇ ಪೈಥಾನ್ ಭಾಷೆಯ ಸ್ವಂತ ಲೆಕ್ಸರ್ ಹೀಗೆ ಮಾಡುವುದಿಲ್ಲ. ಪೈಥಾನ್ 3ರಲ್ಲಿ ಕೋಲಾರ ಎಂಬ ಹೆಸರಿನ ಚರವೊಂದನ್ನು ಇಟ್ಟುಕೊಳ್ಳಬಹುದು. ಲೆಕ್ಸರ್ ಅದನ್ನು ಇಡಿಯಾಗಿ ಒಂದು ಟೋಕನ್ ಎಂದೇ ಓದುತ್ತದೆ. ಹೆಸರಿನ ನಡುವೆ ಸೇರುವ ಗುರುತುಗಳು ಬರಬಹುದೆಂಬ ಯೂನಿಕೋಡಿನ ನಿಯಮವನ್ನು ಅದು ಪಾಲಿಸುತ್ತದೆ, ಹೆಸರುಗಳನ್ನು ಸಮರೂಪೀಕರಿಸುತ್ತದೆ ಸಹ. ಒಂದೇ ಭಾಷೆಯ ಎರಡು ಭಾಗಗಳು ‘ಪದ’ವನ್ನು ಎರಡು ಬಗೆಯಾಗಿ ತಿಳಿದಿವೆ. ಸೇರುವ ಗುರುತುಗಳನ್ನೂ ಅಗೋಚರ ಕೂಡುಚಿಹ್ನೆಗಳನ್ನೂ ಪದದ ಭಾಗವೆಂದು ಪರಿಗಣಿಸಬೇಕೆಂದು ಯೂನಿಕೋಡಿನ 18ನೆಯ ತಾಂತ್ರಿಕ ಮಾನಕ ಸೂಚಿಸುತ್ತದೆ. ನಮ್ಮ ಲೆಕ್ಸರ್ ಪಾಲಿಸಬೇಕಾದುದು ಅದನ್ನು.

3200ರಿಂದ 3327ರವರೆಗಿನ ಸಂಕೇತಾಂಕಗಳೇ ಕನ್ನಡ, ಮಿಕ್ಕವೆಲ್ಲ ಎಲ್ಲೆ ಎಂಬ ಸುಲಭ ನಿಯಮವೂ ಕೈಕೊಡುತ್ತದೆ. ‘ಕೆಜಿಎಫ್‌ಗೆ’ ಎಂದು ಪತ್ರಿಕೆಗಳು ಬರೆಯುವಾಗ ಫಕಾರದ ಹಲಂತದ ನಂತರ 8204 ಎಂಬ ಅಗೋಚರ ಬಿಡಿಚಿಹ್ನೆ ಇರುತ್ತದೆ. ಇಲ್ಲವಾದರೆ ಗಕಾರ ಒತ್ತಾಗಿ ಕೆಳಗಿಳಿಯುತ್ತದೆ. ಅದನ್ನು ಎಲ್ಲೆಯೆಂದು ಭಾವಿಸಿದರೆ ‘ಗೆ’ ಎಂಬ ಚತುರ್ಥಿ ಪ್ರತ್ಯಯ ಸ್ವತಂತ್ರ ಪದವಾಗುತ್ತದೆ. ಪದ್ಯಗಳಲ್ಲಿ ಬರುವ ದಂಡಚಿಹ್ನೆಯೂ ಕನ್ನಡದ ವಿಭಾಗದಲ್ಲಿಲ್ಲ. ಭಾರತೀಯ ಲಿಪಿಗಳೆಲ್ಲ ಹಂಚಿಕೊಳ್ಳುವ ಅದು ದೇವನಾಗರಿ ವಿಭಾಗದಲ್ಲಿ, 2404ರಲ್ಲಿದೆ. ವಿಭಾಗದ ಒಳಗೂ ಎಚ್ಚರ ಬೇಕು: ಅನುಸ್ವಾರ 3202 ಮತ್ತು ಸೊನ್ನೆ 3302 ನೋಡಲು ಒಂದೇ ತೆರನಾಗಿದ್ದು, ಒಂದರ ಜಾಗದಲ್ಲಿ ಇನ್ನೊಂದು ಬಿದ್ದರೆ ಪದದ ನಡುವೆ ಅಂಕಿಯೊಂದು ಸೇರಿಕೊಳ್ಳುತ್ತದೆ.

ಶಾಸನಪಾಠಗಳಲ್ಲಿ ಈ ಪ್ರಶ್ನೆ ಇನ್ನಷ್ಟು ತೀವ್ರ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟ ಅಂದಿನ ಕೋಲಾರ ಜಿಲ್ಲೆಯದು. 2007ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರದ ಭಾಗವೂ ಅದರಲ್ಲಿ ಸೇರಿದೆ. ಅಲ್ಲಿ ಪ್ರತಿ ಶಾಸನವನ್ನೂ ತಾಲೂಕಿನ ಹೆಸರು ಮತ್ತು ಅನುಕ್ರಮ ಸಂಖ್ಯೆಯಿಂದ ಗುರುತಿಸಲಾಗುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ಹೆಸರುಗಳು ಹೀಗೆ ಸ್ಥಳನಾಮಗಳಾಗಿರುವಂತೆಯೇ ಉಲ್ಲೇಖದ ಸೂಚಿಗಳೂ ಹೌದು. ಹೆಸರಿನ ನಂತರ ತೆರಪು, ತೆರಪಿನ ನಂತರ ಸಂಖ್ಯೆ ಇದ್ದರೆ ಅದು ಉಲ್ಲೇಖ, ಇಲ್ಲವಾದರೆ ಸ್ಥಳ. ಮತ್ತೆ ಮುನ್ನೋಟದ ಪ್ರಶ್ನೆಯೇ. ಇನ್ನು ಶಾಸನದ ಸಾಲು ಕಲ್ಲಿನ ಅಗಲಕ್ಕೆ ತಕ್ಕಂತೆ ಮುರಿಯುತ್ತದೆಯೇ ಹೊರತು ಪದಕ್ಕೆ ತಕ್ಕಂತೆ ಅಲ್ಲ. ಸಾಲಿನ ಕೊನೆಯನ್ನು ಪದದ ಕೊನೆ ಎಂದು ಲೆಕ್ಸರ್ ಭಾವಿಸಕೂಡದು. ಸವೆದ ಅಕ್ಷರವನ್ನು ಸಂಪಾದಕರು ‘ಕೋ[ಲಾ]ರ’ ಎಂಬಂತೆ ಚೌಕ ಕಂಸದಲ್ಲಿ ತುಂಬಿಕೊಟ್ಟಾಗ ಆ ಕಂಸವೂ ಪದದ ಎಲ್ಲೆಯಲ್ಲ. ಅದು ಪಾಠದ ಖಚಿತತೆಯ ಬಗೆಗಿನ ಮಾಹಿತಿ. ಅದನ್ನು ಟೋಕನಿನಿಂದ ತೆಗೆದು ಟೋಕನಿನ ಟಿಪ್ಪಣಿಯಾಗಿ ಉಳಿಸಿಕೊಳ್ಳಬೇಕು. ತೆಗೆದು ಎಸೆದರೆ, ಸಂಪಾದಕರ ಊಹೆಯೂ ಕಲ್ಲಿನ ಸಾಕ್ಷ್ಯವೂ ಒಂದೇ ತೂಕದವಾಗಿಬಿಡುತ್ತವೆ.

7. ಗಡಿಯ ಆಚೆ ಈಚೆ

ಕನ್ನಡ, ತೆಲುಗು ಎರಡೂ ದಿನಬಳಕೆಯಲ್ಲಿರುವ ಈ ತಾಲೂಕುಗಳ ಪಠ್ಯದಲ್ಲಿ ಎರಡೂ ಲಿಪಿಗಳು ಜೊತೆಯಾಗಿ ಬರುವುದು ಸಹಜ. ತೆಲುಗಿನ ವಿಭಾಗ 3072ರಿಂದ 3199ರವರೆಗೆ, ಅಂದರೆ ಕನ್ನಡದ ವಿಭಾಗಕ್ಕೆ ತಗುಲಿಕೊಂಡೇ ಇದೆ. ಭಾರತೀಯ ಲಿಪಿಗಳಿಗೆ ಸಮಾನ ವಿನ್ಯಾಸ ಕೊಟ್ಟ ಇಸ್ಕಿ ಸಂಕೇತವ್ಯವಸ್ಥೆಯ ಜಾಡಿನಲ್ಲಿ ಇವು ರೂಪುಗೊಂಡಿರುವುದರಿಂದ, ಕನ್ನಡದ ರ 3248 ಆದರೆ ತೆಲುಗಿನ ರ 3120. ಸಮಾನ ಚಿಹ್ನೆಗಳ ನಡುವಣ ಅಂತರ 128. ಇಷ್ಟು ಹೊಂದಿಕೆ ಇರುವುದರಿಂದ ಕನ್ನಡಕ್ಕೆ ಬರೆದ ಲೆಕ್ಸರಿನಿಂದ 128ನ್ನು ಕಳೆದರೆ ತೆಲುಗಿನ ಲೆಕ್ಸರ್ ಸಿದ್ಧವೆಂದು ತೋರುವುದು ಸ್ವಾಭಾವಿಕ. ಎರಡು ಕಡೆ ಈ ಎಣಿಕೆ ತಪ್ಪುತ್ತದೆ.

ಮೊದಲನೆಯದಾಗಿ, ಕನ್ನಡದ ಐದು ಸ್ವರಚಿಹ್ನೆಗಳು ಒಡೆಯುತ್ತವೆ. ತೆಲುಗಿನಲ್ಲಿ ಒಡೆಯುವುದು ಐಕಾರದ ಚಿಹ್ನೆ ಒಂದೇ. ಆದ್ದರಿಂದ ಕನ್ನಡದಲ್ಲಿ ಬರೆದ ಕೋಲಾರಕ್ಕೆ ಎರಡು ಸರಣಿಗಳಿದ್ದರೆ ತೆಲುಗಿನಲ್ಲಿ ಬರೆದುದಕ್ಕೆ ಒಂದೇ.

ಎರಡನೆಯದಾಗಿ, ಓದುಗನು ಒಂದೆಂದು ಗ್ರಹಿಸುವ ಚಿಹ್ನೆಗಳ ಗುಂಪನ್ನು ಯೂನಿಕೋಡ್ ಗ್ರಾಫೀಮ್ ಗುಚ್ಛವೆಂದು ಕರೆಯುತ್ತದೆ. 2023ರಲ್ಲಿ ಬಂದ 15.1ನೆಯ ಆವೃತ್ತಿ, ಒತ್ತಕ್ಷರವನ್ನು ಒಡೆಯದೆ ಒಂದೇ ಗುಚ್ಛವಾಗಿ ಇಡುವ ನಿಯಮವನ್ನು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು ಮತ್ತು ಮಲಯಾಳಂ ಲಿಪಿಗಳಿಗೆ ತಂದಿತು. ಅದರಲ್ಲಿ ಕನ್ನಡ ಸೇರಲಿಲ್ಲ. ಹೀಗಾಗಿ ತೆಲುಗು ಲಿಪಿಯ ‘ಶ್ರೀ’ ಒಂದು ಗುಚ್ಛ; ಕನ್ನಡದ ‘ಶ್ರೀ’ ಶ್ ಮತ್ತು ರೀ ಎಂಬ ಎರಡು ಗುಚ್ಛ. ಕೋಷ್ಟಕದಲ್ಲಿ ಶ್ರೀನಿವಾಸಪುರಕ್ಕೆ ಅಕ್ಷರ ಆರಿದ್ದು ಗುಚ್ಛ ಏಳಾದುದು ಇದರಿಂದ. ಇದೇ ಸಿದ್ಧ ಸಾಧನದಿಂದ ಎರಡೂ ಭಾಷೆಗಳ ಅಕ್ಷರಗಳನ್ನು ಎಣಿಸಿ ‘ಕನ್ನಡದ ಪದಗಳು ಹೆಚ್ಚು ಉದ್ದ’ ಎಂದು ಯಾರಾದರೂ ತೀರ್ಮಾನಿಸಿದರೆ, ಅವರು ಅಳೆದದ್ದು ಭಾಷೆಯನ್ನಲ್ಲ, ಮಾನಕದ ನಿಯಮವನ್ನು. ವ್ಯಾಕರಣದ ಅಕ್ಷರವೇ ಬೇಕಿದ್ದರೆ ಕನ್ನಡಕ್ಕೆ ನಾವೇ ನಿಯಮ ಬರೆಯಬೇಕು: ಹಲಂತದ ನಂತರ ವ್ಯಂಜನ ಬಂದರೆ ಅಕ್ಷರ ಮುಂದುವರಿಯುತ್ತದೆ, 8204 ಬಂದರೆ ಮುಗಿಯುತ್ತದೆ.

8. ಅಕ್ಷರದ ಒಳಗಿನ ಎಲ್ಲೆ

ಈಗ ಪೀಠಿಕೆಯ ಪ್ರಶ್ನೆಗೆ ಮರಳಬಹುದು. ಊರು ಏಕೆ ಸಿಗಲಿಲ್ಲ? ಸ್ವತಂತ್ರವಾಗಿ ನಿಂತ ಊ ಎಂಬುದರ ಸಂಕೇತಾಂಕ 3210. ಮಾಲೂರು ಎಂಬಲ್ಲಿ ಅದು ಲಕಾರಕ್ಕೆ ಅಂಟಿದ ಊಕಾರದ ಚಿಹ್ನೆಯಾಗಿ, 3266 ಆಗಿ ನಿಂತಿದೆ. ಊ, ರ, ು ಎಂಬ ಸರಣಿಯನ್ನು ಹುಡುಕಿದ ಪ್ರೋಗ್ರಾಮಿಗೆ ಅದು ಕಾಣುವಂತೆಯೇ ಇಲ್ಲ. ಅಕ್ಷರಗಳ ಮಟ್ಟದಲ್ಲಿ ಓದಿದರೂ ಪ್ರಯೋಜನವಿಲ್ಲ: ಮಾ, ಲೂ, ರು ಎಂಬ ಮೂರು ಅಕ್ಷರಗಳಲ್ಲಿ ಉತ್ತರಪದದ ಎಲ್ಲೆ ‘ಲೂ’ ಎಂಬ ಅಕ್ಷರದ ಒಳಗೇ ಬಿದ್ದಿದೆ. ಲೋಪಸಂಧಿಯಾದಲ್ಲೆಲ್ಲ ಹೀಗೆಯೇ, ಆಕೃತಿಮಾದ ಎಲ್ಲೆಗೂ ಅಕ್ಷರದ ಎಲ್ಲೆಗೂ ಸಂಬಂಧವಿಲ್ಲ.

ಇದರಲ್ಲಿ ಅಡಗಿರುವ ಅಪಾಯ ಒಂದು ಪದವನ್ನು ಕಳೆದುಕೊಂಡದ್ದಷ್ಟೇ ಅಲ್ಲ. ಹಳ್ಳಿ, ಪಲ್ಲಿ, ಪುರ, ಸಂದ್ರ, ಕುಂಟೆ ಇವೆಲ್ಲ ವ್ಯಂಜನಾದಿಯಾದವು. ಸಂಧಿಯಲ್ಲಿ ಅವುಗಳ ಮೊದಲ ಸಂಕೇತಾಂಕ ಉಳಿಯುವುದರಿಂದ ಅವು ಸಿಗುತ್ತವೆ. ಊರು ಸ್ವರಾದಿ, ಅದು ಸಿಗುವುದಿಲ್ಲ. ಅಂದರೆ ಸಂಕೇತಾಂಕಗಳ ಮಟ್ಟದ ಹುಡುಕಾಟ ಸ್ವರಾದಿಯಾದ ಉತ್ತರಪದಗಳನ್ನು ಒಟ್ಟಾಗಿ ಮರೆಮಾಡುತ್ತದೆ. ಕೆರೆ ಗೆರೆಯಾಗುವ ಆದೇಶಸಂಧಿಯ ರೂಪಗಳೂ ತಪ್ಪಿಸಿಕೊಳ್ಳುತ್ತವೆ. ಆದರೆ ಅವನ್ನು ಪಟ್ಟಿಗೆ ಸೇರಿಸಿದರೆ ಸಿಕ್ಕಾವು. ಕನ್ನಡದ ಹಳ್ಳಿಗೂ ತೆಲುಗಿನ ಪಲ್ಲಿಗೂ ಊರಿಗೂ ನಡುವಣ ಹಂಚಿಕೆಯಿಂದ ಭಾಷಾಸಂಪರ್ಕದ ಚರಿತ್ರೆಯನ್ನು ಕಟ್ಟುವ ಅಧ್ಯಯನಕ್ಕೆ ಈ ಪಕ್ಷಪಾತ ಮಾರಕ.

ಪರಿಹಾರವು 4ನೆಯ ಭಾಗದ ಮುನ್ನೋಟದಲ್ಲಿಯೇ ಇದೆ. ಲೆಕ್ಸರ್ ವ್ಯಂಜನವನ್ನು ಓದಿದಾಗ ಮುಂದಿನದನ್ನು ಇಣುಕಲಿ. ಸ್ವರಚಿಹ್ನೆಯಾದರೆ ವ್ಯಂಜನವನ್ನೂ ಆ ಚಿಹ್ನೆಗೆ ಸಮನಾದ ಸ್ವರವನ್ನೂ ಬೇರೆ ಬೇರೆಯಾಗಿ ಕೊಡಲಿ. ಹಲಂತವಾದರೆ ವ್ಯಂಜನವನ್ನಷ್ಟೇ ಕೊಡಲಿ. ಎರಡೂ ಅಲ್ಲವಾದರೆ ವ್ಯಂಜನದ ಜೊತೆಗೆ ಅಕಾರವನ್ನು ಕೊಡಲಿ. ಆಗ ಮಾಲೂರು ಎಂಬುದು ಮ್, ಆ, ಲ್, ಊ, ರ್, ಉ ಎಂದಾಗುತ್ತದೆ. ಊರು ಎಂಬುದು ಊ, ರ್, ಉ ಎಂದಾಗುತ್ತದೆ. ಕೊನೆಯ ಮೂರು ಘಟಕಗಳು ಹೊಂದುತ್ತವೆ. ವಿಭಕ್ತಿರೂಪಗಳಿಗೂ ಇದೇ ಅನುಕೂಲ: ಮಾಲೂರಿನ, ಮುಳಬಾಗಿಲಿನ ಎಂಬಲ್ಲಿ ಪ್ರಕೃತಿಯ ಕೊನೆಯ ಉಕಾರ ಲೋಪವಾದುದು ಮ್, ಆ, ಲ್, ಊ, ರ್ ಎಂಬ ಸಾಮಾನ್ಯ ಭಾಗದಿಂದ ಸ್ಪಷ್ಟವಾಗುತ್ತದೆ. ಸಂಕೇತಾಂಕಗಳಲ್ಲಿ ಆ ಸಾಮಾನ್ಯ ಭಾಗ ‘ಮಾಲೂರ’ ಎಂದು ಓದಿಸಿಕೊಳ್ಳುತ್ತದೆ, ಇಲ್ಲದ ಅಕಾರವೊಂದು ಅಲ್ಲಿ ಸೇರಿಕೊಳ್ಳುತ್ತದೆ.

ಹಾಗೆಂದು ಊ, ರ್, ಉ ಎಂದು ಕೊನೆಗೊಳ್ಳುವ ಪದವೆಲ್ಲ ಊರಹೆಸರಲ್ಲ. ನೂರು ಎಂಬ ಸಂಖ್ಯಾವಾಚಕವೂ ಹಾಗೆಯೇ ಮುಗಿಯುತ್ತದೆ. ಲೆಕ್ಸರ್ ಕೊಡುವುದು ಸಾಧ್ಯತೆಗಳನ್ನು. ಅವುಗಳಲ್ಲಿ ಆಯ್ಕೆ ಮಾಡುವುದು ಆಕೃತಿವಿಶ್ಲೇಷಣೆಯ ಕೆಲಸ, ಅಂತಿಮವಾಗಿ ಸಂಶೋಧಕನ ಕೆಲಸ.

9. ಉಪಸಂಹಾರ

ಮೇಲಿನ ಚರ್ಚೆಯಿಂದ ಕನ್ನಡ ಲೆಕ್ಸರಿಗೆ ಒಂದು ಕ್ರಮ ಸಿದ್ಧಿಸುತ್ತದೆ. ಬೈಟ್‌ಗಳನ್ನು ಸಂಕೇತಾಂಕಗಳಾಗಿ ಬಿಡಿಸುವುದು ಮೊದಲ ಹಂತ. ಸಂಕೇತಾಂಕಗಳನ್ನು ಒಂದೇ ರೂಪಕ್ಕೆ ತರುವುದು ಎರಡನೆಯದು. ಅಗೋಚರ ಚಿಹ್ನೆಗಳನ್ನು ಉದ್ದೇಶಕ್ಕೆ ತಕ್ಕಂತೆ ಸೋಸುವುದು ಅಥವಾ ಉಳಿಸಿಕೊಳ್ಳುವುದು ಮೂರನೆಯದು. ಅನಂತರ, ಪ್ರಶ್ನೆಗೆ ಒಪ್ಪುವ ಘಟಕದಲ್ಲಿ ಮುನ್ನೋಟಸಹಿತವಾಗಿ ಓದುವುದು. ಛಂದಸ್ಸಿನ ಅಧ್ಯಯನಕ್ಕೆ ಅಕ್ಷರ, ಆಕೃತಿವಿಜ್ಞಾನಕ್ಕೆ ಧ್ವನಿಮಾ, ಲಿಪಿಚರಿತ್ರೆಗೆ ಸಂಕೇತಾಂಕ ಸರಿಯಾದ ಘಟಕಗಳು. ಎಲ್ಲಕ್ಕೂ ಸಲ್ಲುವ ಒಂದು ಘಟಕವಿಲ್ಲ. ಪ್ರತಿ ಟೋಕನಿನೊಂದಿಗೆ ಮೂಲಪಠ್ಯದಲ್ಲಿ ಅದರ ಸ್ಥಾನವನ್ನೂ ಉಳಿಸಿಕೊಂಡರೆ ಯಾವ ಹಂತದಿಂದಲೂ ಮೂಲಕ್ಕೆ ಮರಳಿ ಪರಿಶೀಲಿಸಬಹುದು.

ಸಂಶೋಧನ ವಿದ್ಯಾರ್ಥಿಗಳಲ್ಲಿ ಎರಡು ವಿನಂತಿಗಳಿವೆ. ಅಂಕಿಗಳನ್ನು ಪ್ರಬಂಧದಲ್ಲಿ ಕೊಡುವಾಗ ಅವು ಯಾವ ಘಟಕದ ಎಣಿಕೆ, ಯಾವ ಸಮರೂಪೀಕರಣದ ನಂತರದ್ದು, ಯೂನಿಕೋಡಿನ ಯಾವ ಆವೃತ್ತಿಯ ನಿಯಮಗಳಿಗೆ ಒಳಪಟ್ಟದ್ದು ಎಂಬುದನ್ನು ಬರೆಯಿರಿ. ಜೊತೆಗೆ, ಯಾವುದೇ ಹೊಸ ಸಾಧನವನ್ನು ಬಳಸುವ ಮುನ್ನ ಅದಕ್ಕೆ ಈ ನಾಲ್ಕು ತಾಲೂಕುಗಳ ಹೆಸರನ್ನು ಕೊಟ್ಟು ನೋಡಿ. ಕೋಲಾರ ಒಡೆಯುವ ಸ್ವರಚಿಹ್ನೆಯನ್ನು ಪರೀಕ್ಷಿಸುತ್ತದೆ, ಮಾಲೂರು ಅಕ್ಷರದೊಳಗಿನ ಎಲ್ಲೆಯನ್ನು, ಮುಳಬಾಗಿಲು ನಡುವಣ ಅಂತರ್ಗತ ಅಕಾರವನ್ನು, ಶ್ರೀನಿವಾಸಪುರ ಒತ್ತಕ್ಷರವನ್ನು. ನಾಲ್ಕೂ ಇಡಿಯಾಗಿ ಹೊರಬಂದರೆ ಮುಂದಿನ ಕೆಲಸಕ್ಕೆ ತೊಡಗಬಹುದು.